ಕ್ರಿಯಾಟಿನಿನ್ ಏರುವ ಮೊದಲೇ ಕಿಡ್ನಿಗೆ ಪೆಟ್ಟಾಗಿದ್ದು ಗೊತ್ತಾಗುತ್ತಾ?

ಪ್ರಶ್ನೆ: ಡಾಕ್ಟರೇ, ನಮ್ಮ ತಂದೆಗೆ 64 ವರ್ಷ. ಮೂರು ವಾರದ ಹಿಂದೆ ಹಾರ್ಟ್ ಬೈಪಾಸ್ ಆಯಿತು. ಮಾರನೇ ದಿನ ಕ್ರಿಯಾಟಿನಿನ್ 1.1 ಇತ್ತು, ಕಿಡ್ನಿ ಚೆನ್ನಾಗಿದೆ ಅಂದರು. ಮೂರನೇ ದಿನ ನೋಡಿದರೆ 2.6! ಡಯಾಲಿಸಿಸ್ ಬೇಕಾಗಲಿಲ್ಲ, ಈಗ 1.4ಕ್ಕೆ ಇಳಿದಿದೆ. ಇದನ್ನೆಲ್ಲ ಮೊದಲೇ ಹೇಳುವ ಬಯೋಮಾರ್ಕರ್ ಟೆಸ್ಟ್ ಇದೆಯಂತೆ. ಅದನ್ನು ಮಾಡಿಸಿದ್ದರೆ ತಪ್ಪುತ್ತಿತ್ತಾ?
– ಓದುಗರು, ದಾವಣಗೆರೆ

ಉತ್ತರ: ತಪ್ಪುತ್ತಿತ್ತು ಅಂತ ಖಂಡಿತವಾಗಿ ಹೇಳಲು ಆಗುವುದಿಲ್ಲ. ಸ್ವಲ್ಪ ಕಡಿಮೆ ಆಗಬಹುದಿತ್ತೇನೋ. ಯಾಕೆ ಅಂತ ಹೇಳ್ತೀನಿ.

ಕ್ರಿಯಾಟಿನಿನ್ ಅಂದರೆ ನಮ್ಮ ಮಾಂಸಖಂಡಗಳಿಂದ ದಿನವೂ ಬರುವ ಕಸ. ಬೀದಿಗೆ ಕಸದ ಗಾಡಿ ಬರುವುದು ನಿಂತರೆ ಮೊದಲ ದಿನವೇ ಯಾರಿಗೂ ಗೊತ್ತಾಗುವುದಿಲ್ಲ, ಮೂರನೇ ದಿನ ತೊಟ್ಟಿ ತುಂಬಿ ಚೆಲ್ಲಿದಾಗ ಗೊತ್ತಾಗುತ್ತದೆ, ಅಲ್ವಾ? ಇದೂ ಹಾಗೇ. ಆಪರೇಷನ್ ಹೊತ್ತಿಗೆ ಪೆಟ್ಟು ಬಿದ್ದರೂ ರಕ್ತದಲ್ಲಿ ಅಂಕಿ ಏರಲು ಒಂದೆರಡು ದಿನ ಬೇಕು. ವಯಸ್ಸಾಗಿ ಸೊರಗಿದವರಲ್ಲಿ ಕಸವೇ ಕಡಿಮೆ, ಮೇಲಿಂದ ಡ್ರಿಪ್ ಹಾಕಿ ರಕ್ತ ತೆಳುವಾಗಿರುತ್ತದೆ, ಹಾಗಾಗಿ ಇನ್ನೂ ತಡ. ನಿಮ್ಮ ತಂದೆಯ ಆ 1.1 ಸುಳ್ಳಲ್ಲ, ಆದರೆ ಅದು ಹಳೇ ಸುದ್ದಿ.

ಹೊಸ ಟೆಸ್ಟ್‌ಗಳು ಕಸ ಅಳೆಯುವುದಿಲ್ಲ. ಪೆಟ್ಟು ತಿಂದ, ಇಲ್ಲವೇ ಒತ್ತಡಕ್ಕೆ ಸಿಕ್ಕ ಕಿಡ್ನಿಯ ಜೀವಕೋಶಗಳು ಬಿಡುವ ಪ್ರೋಟೀನನ್ನು ಅಳೆಯುತ್ತವೆ. 2005ರಲ್ಲಿ ಹೃದಯದ ಆಪರೇಷನ್ ಆದ 71 ಮಕ್ಕಳ ಮೇಲೆ ನಡೆದ ಅಮೆರಿಕದ ಅಧ್ಯಯನದಲ್ಲಿ, ಕಿಡ್ನಿ ಕೆಟ್ಟ ಮಕ್ಕಳ ಮೂತ್ರದಲ್ಲಿ ಎನ್‌ಗಾಲ್ ಅನ್ನುವ ಪ್ರೋಟೀನ್ ಎರಡೇ ಗಂಟೆಯಲ್ಲಿ ಏರಿತ್ತು. ಕ್ರಿಯಾಟಿನಿನ್ ಅದನ್ನೇ ಹೇಳಲು ಒಂದರಿಂದ ಮೂರು ದಿನ ತೆಗೆದುಕೊಂಡಿತು. ಎಲ್ಲರಿಗೂ ಬಹಳ ಆಸೆ ಹುಟ್ಟಿಸಿದ ಫಲಿತಾಂಶ ಅದು. ಆದರೆ ದೊಡ್ಡವರಲ್ಲಿ ಸೋಂಕು, ಹಳೇ ಕಿಡ್ನಿ ಕಾಯಿಲೆ ಇದ್ದರೂ ಎನ್‌ಗಾಲ್ ಏರುತ್ತದೆ. ಯಾವುದರಿಂದ ಏರಿತು ಅಂತ ಹೇಳುವುದು ಕಷ್ಟ.

ಇನ್ನೊಂದು ನೆಫ್ರೋಚೆಕ್ ಅನ್ನುವ ಮೂತ್ರದ ಟೆಸ್ಟ್. 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಅಂಕಿ 0.3ಕ್ಕಿಂತ ಕಡಿಮೆ ಇದ್ದರೆ ಮುಂದಿನ 12 ಗಂಟೆಯಲ್ಲಿ ಕಿಡ್ನಿ ಜೋರಾಗಿ ಕೆಡುವ ಸಾಧ್ಯತೆ ಕಡಿಮೆ. ಜಾಸ್ತಿ ಬಂದರೆ? ಒಪ್ಪಿಗೆಗೆ ಮೊದಲಿನ ಅಧ್ಯಯನಗಳಲ್ಲಿ ಕಿಡ್ನಿಗೆ ಏನೂ ಆಗದವರಲ್ಲೂ ಸುಮಾರು ಅರ್ಧ ಜನಕ್ಕೆ ಪಾಸಿಟಿವ್ ಬಂದಿತ್ತು.

ಈಗ ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ ವಿಷಯ. 2017ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ, ಹೃದಯದ ಆಪರೇಷನ್ ಆಗಿ ಈ ಟೆಸ್ಟ್ ಪಾಸಿಟಿವ್ ಬಂದ 276 ಜನರನ್ನು ತೆಗೆದುಕೊಂಡರು. ಅರ್ಧ ಜನಕ್ಕೆ ಮಾಮೂಲಿ ಆರೈಕೆ. ಉಳಿದವರಿಗೆ ಬಿಪಿ ಮತ್ತು ನೀರಿನಂಶದ ಮೇಲೆ ಬಿಗಿ ಕಣ್ಣು, ಸಕ್ಕರೆ ಹತೋಟಿ, ಕಿಡ್ನಿಗೆ ಆಗದ ಔಷಧಿ ಬಂದ್. ಮಾಮೂಲಿ ಆರೈಕೆಯಲ್ಲಿ 100ಕ್ಕೆ ಸುಮಾರು 72 ಜನರ ಕಿಡ್ನಿಗೆ ಪೆಟ್ಟಾಯಿತು, ಬಿಗಿ ಆರೈಕೆಯಲ್ಲಿ 55. ಡಯಾಲಿಸಿಸ್ ಬೇಕಾದವರ ಸಂಖ್ಯೆಯಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಗಮನಿಸಿ, ಉಪಕಾರ ಮಾಡಿದ್ದು ಟೆಸ್ಟ್ ಆದಮೇಲೆ ಮಾಡಿದ ಕೆಲಸ. ಪೆಟ್ಟು ತಿಂದ ಕಿಡ್ನಿಯನ್ನು ಸರಿಮಾಡುವ ಮಾತ್ರೆ ಇವತ್ತಿಗೂ ಇಲ್ಲ. ಅದಕ್ಕೇ ಹಾರ್ಟ್ ಆಪರೇಷನ್ನಿನ ಐಸಿಯುನಲ್ಲಿ, ರಿಪೋರ್ಟ್ ಬಂದ ಕೂಡಲೇ ಏನಾದರೂ ಮಾಡುವ ತಂಡ ಇದ್ದರೆ ಈ ಟೆಸ್ಟ್ ಬೇಕು ಅಂತಲೇ ನಾನು ಹೇಳುತ್ತೇನೆ, ಜ್ವರ ಬಂದು ಅಡ್ಮಿಟ್ ಆದವರಿಗೆಲ್ಲ ಸುಮ್ನೆ ಬರೆದುಕೊಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಖರ್ಚಿಲ್ಲದ ಒಂದು ಅಳತೆ ಮಂಚದ ಪಕ್ಕದಲ್ಲೇ ನೇತಾಡುತ್ತಿರುತ್ತದೆ, ಮೂತ್ರದ ಚೀಲ. 60 ಕೆಜಿ ತೂಕದವರಿಗೆ ಗಂಟೆಗೆ 30 ಎಂಎಲ್ ಆದರೂ ಬರಬೇಕು. ಅಂದರೆ ಎರಡು ದೊಡ್ಡ ಚಮಚ, ಅಷ್ಟೇ. ಆರು ಗಂಟೆ ಅದಕ್ಕಿಂತ ಕಡಿಮೆ ಬಂದರೆ, ಕ್ರಿಯಾಟಿನಿನ್ 1.1 ಇದ್ದರೂ ಅದನ್ನು ಕಿಡ್ನಿಗೆ ಪೆಟ್ಟು ಅಂತಲೇ ಲೆಕ್ಕ. ಚಾರ್ಟ್‌ನಲ್ಲಿ 40, 35, 20, 15 ಅಂತ ಇಳಿಯುತ್ತಾ ಹೋಗಿದ್ದನ್ನು ಬೆಳಗಿನವರೆಗೂ ಯಾರೂ ನೋಡದೇ ಇದ್ದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ತಂದೆಯವರ ಆ ಎರಡು ದಿನದ ಚಾರ್ಟ್ ಕೇಳಿ ನೋಡಿ.

ಈಗ ಮಾಡಬೇಕಾದ್ದು: ಮೂರು ತಿಂಗಳಾದ ಮೇಲೆ ಕ್ರಿಯಾಟಿನಿನ್ ಮತ್ತು ಮೂತ್ರದ ಅಲ್ಬುಮಿನ್ ಎರಡನ್ನೂ ಮಾಡಿಸಿ. ಮಂಡಿ ನೋವಿಗೆ ಅಂತ ಡೈಕ್ಲೋಫಿನಾಕ್‌ನಂಥ ಮಾತ್ರೆ ಅಂಗಡಿಯಿಂದ ತರಬೇಡಿ. ವಾಂತಿ ಭೇದಿ ಆದರೆ ಬಿಪಿ ಮಾತ್ರೆ ಮುಂದುವರಿಸಬೇಕಾ ಅಂತ ಅವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಕೇಳಿ.