ಇ-ಸಿಟಿಲಿ ಅಕ್ಕನ ಕೆಲಸ, ಕೆ.ಆರ್. ಸರ್ಕಲ್‌ನಲ್ಲಿ ತಮ್ಮನ ಕಾಲೇಜು: ಮನೆ ಎಲ್ಲಿ ಮಾಡೋದು?

ಪ್ರಶ್ನೆ: ಸರ್, ನಮ್ಮದು ಅರಸೀಕೆರೆ ಹತ್ರ ಹಳ್ಳಿ. ನನಗೆ ಬೆಂಗಳೂರಲ್ಲಿ ಎಲೆಕ್ಟ್ರಾನಿಕ್ ಸಿಟಿ ಫೇಸ್ 1ರಲ್ಲಿ ಕೆಲಸ ಸಿಕ್ಕಿದೆ, ಕೈಗೆ 27,000 ಬರುತ್ತೆ. ತಮ್ಮನಿಗೆ ಕೆ.ಆರ್. ಸರ್ಕಲ್ ಹತ್ರ ಇಂಜಿನಿಯರಿಂಗ್ ಸೀಟು. ಇಬ್ರೂ ಒಟ್ಟಿಗೇ ಇರೋಣ ಅಂತ. ಒಂದು ಬೆಡ್‌ರೂಮ್ ಮನೆ ಚಂದಾಪುರದಲ್ಲಿ 8,500, ಹೊಂಗಸಂದ್ರದಲ್ಲಿ 10,500, ಕೋಣನಕುಂಟೆ ಕ್ರಾಸ್ ಹತ್ರ 12,000 ಹೇಳಿದಾರೆ. ಅಪ್ಪ ಕೊಬ್ಬರಿ ಮಾರಿದ ದುಡ್ಡು ಸೇರಿಸಿ 5 ಲಕ್ಷ ಕೊಡ್ತೀನಿ, ಲೀಸ್‌ಗೆ ಹಾಕ್ಕೊಂಡುಬಿಡಿ, ತಿಂಗಳ ಬಾಡಿಗೆ ತಲೆನೋವು ಬೇಡ ಅಂತಾರೆ. ಏನ್ ಮಾಡ್ಲಿ?

ಉತ್ತರ: ಮೊದಲು ಆ 5 ಲಕ್ಷದ ವಿಷಯ ಮುಗಿಸೋಣ, ಯಾಕಂದ್ರೆ ನನಗೆ ಹೆದರಿಕೆ ಆಗೋದು ಅದೇ. ಲೀಸ್ ಬೇಡ. ಲೀಸ್ ಅಂದ್ರೆ ದುಡ್ಡು ಪೂರ್ತಿ ಇನ್ನೊಬ್ಬರ ಕೈಲಿ, ಆ ಮನೆ ಮೇಲೆ ಬ್ಯಾಂಕ್ ಸಾಲ ಇದ್ದು ಓನರ್ ಕಂತು ಕಟ್ಟದೆ ಹೋದ್ರೆ ನೋಟಿಸ್ ಬಂದು ಗೇಟಿಗೆ ಅಂಟೋದು ನೀವು ಇರೋ ಮನೆಗೆ. ನನಗೆ ಗೊತ್ತಿರೋ ಒಂದು ಕುಟುಂಬ ಹಂಗೇ ಆಗಿ ಎರಡು ವರ್ಷ ಅಲೆದ್ರು, ಆ ಓನರ್ ಫೋನ್ ಎತ್ತೋದೇ ನಿಲ್ಸಿದ್ದ. ಇನ್ನು ಕೆಲವು ಕಡೆ ಲೀಸ್ ಕೊಡೋನು ಓನರೇ ಅಲ್ಲ, ಮಧ್ಯದವನು, ನಿಮ್ಮ ಹತ್ರ ಲಕ್ಷಗಟ್ಟಲೆ ಇಸ್ಕೊಂಡು ಓನರ್‌ಗೆ ತಿಂಗಳ ಬಾಡಿಗೆ ಕಟ್ತಿರ್ತಾನೆ, ಅವನು ನಿಲ್ಸಿದ ದಿನ ನೀವು ಬೀದಿಗೆ. ಅಪ್ಪಂಗೆ ಹೇಳಿ, ದುಡ್ಡು ಎಫ್‌ಡಿಲಿ ಇರ್ಲಿ, ಅಡ್ವಾನ್ಸ್‌ಗೆ ಬೇಕಾದಷ್ಟು ಮಾತ್ರ ಈಚೆ ಬರ್ಲಿ. ಒಂದು ವರ್ಷದ ಕೊಬ್ಬರಿ ಅಂದ್ರೆ ಎಷ್ಟು ಬೆವರು ಅಂತ ನಿಮಗೇ ಗೊತ್ತು.

ಈಗ ಮನೆ. ಎಲ್ರೂ ಬಾಡಿಗೆ ಮಾತ್ರ ನೋಡಿ ಚಂದಾಪುರ ಅಂತಾರೆ. ಬಾಡಿಗೆ ಜೊತೆ ಓಡಾಟದ ಖರ್ಚು ಸೇರಿಸಿ ನೋಡಿ, ಅದೂ ನಿಮ್ದು ಬೇರೆ ನಿಮ್ಮ ತಮ್ಮಂದು ಬೇರೆ. ಯಾಕೆ ಅಂದ್ರೆ ಶಕ್ತಿ ಯೋಜನೆ ನಿಮಗೆ ಇದೆ, ಅವನಿಗೆ ಇಲ್ಲ. 2023ರ ಜೂನ್ 11ರಿಂದ ಕರ್ನಾಟಕದ ವಿಳಾಸ ಇರೋ ಐಡಿ ತೋರಿಸಿದ್ರೆ ಬಿಎಂಟಿಸಿ ಸಾಮಾನ್ಯ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಫ್ರೀ (ವಜ್ರ ಎ.ಸಿ. ಬಸ್ಸಿಗೆ ಇಲ್ಲ, ಮೆಟ್ರೋಗೂ ಇಲ್ಲ). ಅಂದ್ರೆ ಆಫೀಸ್ ದಾರಿಲೇ ನೇರ ಸಾದಾ ಬಸ್ ಸಿಗೋ ಕಡೆ ಮನೆ ಮಾಡಿದ್ರೆ ನಿಮ್ಮ ಓಡಾಟ ಸೊನ್ನೆ, ಚಿಂತೆ ಮಾಡ್ಬೇಕಿರೋದು ತಮ್ಮನ ಓಡಾಟದ್ದು.

ಚಂದಾಪುರದಿಂದ ಅವನು ಬೊಮ್ಮಸಂದ್ರದವರೆಗೆ ಆಟೋ, ಅಲ್ಲಿಂದ ಹಳದಿ ಮೆಟ್ರೋದಲ್ಲಿ ಆರ್.ವಿ. ರೋಡ್, ಇಳಿದು ಹಸಿರು ಲೈನ್ ಹತ್ತಿ ಮೆಜೆಸ್ಟಿಕ್, ಮತ್ತೆ ಇಳಿದು ನೇರಳೆ ಲೈನಲ್ಲಿ ಒಂದು ಸ್ಟಾಪ್, ಸರ್ ಎಂ. ವಿಶ್ವೇಶ್ವರಯ್ಯ ಸ್ಟೇಷನ್. 2025ರ ಫೆಬ್ರವರಿಲಿ ಏರಿದ ದರದಲ್ಲಿ 25 ಕಿ.ಮೀ. ದಾಟಿದ್ರೆ ಒಂದು ಕಡೆಗೆ 90, ಅವನದು ಅಷ್ಟಾಗುತ್ತೆ, ಜೊತೆಗೆ ಆಟೋ 30 ಅಂತ ಇಟ್ಕೊಂಡ್ರೂ ಹೋಗಿ ಬರೋಕೆ 240, ತಿಂಗಳಿಗೆ 24 ದಿನ ಅಂದ್ರೆ 5,760. ನಿಮ್ಮ 8,500ರ ಮನೆ 14,260 ಆಯ್ತು. ಬಸ್ ಪಾಸ್ ಮಾಡಿಸಿದ್ರೆ ದುಡ್ಡು ಉಳಿಯುತ್ತೆ, ಆದ್ರೆ ದಿನಾ ಬೆಳಿಗ್ಗೆ ಚಂದಾಪುರದಿಂದ ಸಿಲ್ಕ್ ಬೋರ್ಡ್ ದಾಟಿ ಕಾರ್ಪೊರೇಷನ್ ತನಕ ನಿಂತ್ಕೊಂಡು ಹೋಗೋ ಹುಡುಗ ಸಾಯಂಕಾಲ ಪುಸ್ತಕ ಹಿಡಿಯೋದು ಕಷ್ಟ.

ಕೋಣನಕುಂಟೆ ಕ್ರಾಸ್ ಒಳ್ಳೆ ಜಾಗ, ಇಲ್ಲ ಅನ್ನಲ್ಲ, ತಮ್ಮನಿಗೆ ಹಸಿರು ಲೈನ್ ನೇರ ಮೆಜೆಸ್ಟಿಕ್‌ಗೆ. ಆದ್ರೆ ನೀವು ನಾಲ್ಕನೇ ಸ್ಟಾಪ್ ಆರ್.ವಿ. ರೋಡಲ್ಲಿ ಇಳಿದು ಹಳದಿ ಲೈನ್ ಹತ್ತಿ ಇ-ಸಿಟಿ ಕಡೆಯ ಕೋಣಪ್ಪನ ಅಗ್ರಹಾರ ಸ್ಟೇಷನ್‌ವರೆಗೆ ಇನ್ನೂ 12 ಸ್ಟಾಪ್ ಹೋಗ್ಬೇಕು. ಇಬ್ಬರ ಮೆಟ್ರೋ ಸೇರಿ ದಿನಕ್ಕೆ 250 ಹತ್ರ, ಬಾಡಿಗೆ 12,000 ಮೇಲೆ ತಿಂಗಳಿಗೆ ಇನ್ನೂ 6,000. ಸಂಬಳ 27,000, ಬೇಡ.

ನಾನು ಹೊಂಗಸಂದ್ರ ಅಂತೀನಿ. ಅದೇ ಹೊಸೂರು ರಸ್ತೆ ಸಾಲಲ್ಲಿ ಬೊಮ್ಮನಹಳ್ಳಿ, ಗಾರ್ವೆಬಾವಿ ಪಾಳ್ಯ, ಕೂಡ್ಲು ಗೇಟ್ ಕೂಡ ನೋಡಿ. ಗಾರ್ಮೆಂಟ್ಸ್ ಕೆಲಸದವರು ಹಳೇ ಕಾಲದಿಂದ ಇರೋ ಏರಿಯಾ, ಅದಕ್ಕೇ ಸಣ್ಣ ಮನೆ ಸಿಗುತ್ತೆ. ಮೆಟ್ರೋ ಕಂಬದ ಕೆಳಗೇ ಬಸ್ ಸ್ಟಾಪ್. ನೀವು ಆಚೆ ಕಡೆ ನಿಂತು ಇ-ಸಿಟಿ ಬಸ್ ಹತ್ತಿ, ಫ್ಲೈಓವರ್ ಮೇಲೆ ಹೋಗೋ ಬಸ್ ಅಲ್ಲ, ಕೆಳಗಿನದು. ತಮ್ಮ ಈಚೆ ಕಡೆ 356 ಸೀರೀಸ್ ಬಸ್ ಹಿಡಿದು ಕಾರ್ಪೊರೇಷನ್‌ನಲ್ಲಿ ಇಳಿದ್ರೆ ನೃಪತುಂಗ ರಸ್ತೆಲಿ ನಡ್ಕೊಂಡೇ ಕೆ.ಆರ್. ಸರ್ಕಲ್. 2025ರ ಜನವರಿ ದರದಲ್ಲಿ ಸಾಮಾನ್ಯ ಮಾಸಿಕ ಪಾಸ್ 1,200, ವಿದ್ಯಾರ್ಥಿ ಪಾಸ್ ಅದಕ್ಕಿಂತ ಕಮ್ಮಿ, ಸೇವಾ ಸಿಂಧುಲಿ ಅರ್ಜಿ ಹಾಕ್ಸಿ. ಅಲ್ಲಿಗೆ 11,700ರ ಒಳಗೆ ಬಾಡಿಗೆ ಓಡಾಟ ಎರಡೂ ಮುಗೀತು. ಮಳೆ ಬಂದ ದಿನ, ಪರೀಕ್ಷೆ ದಿನ, ನಿಮಗೆ ಲೇಟಾದ ದಿನ ಮೆಟ್ರೋ ತಲೆ ಮೇಲೇ ಇದೆ. ಸ್ಮಾರ್ಟ್ ಕಾರ್ಡ್ ಇಟ್ಕೊಳ್ಳಿ, 5% ಕಮ್ಮಿ. 2025ರ ಆಗಸ್ಟಲ್ಲಿ ಹಳದಿ ಲೈನ್ ಶುರುವಾದಾಗ 25 ನಿಮಿಷಕ್ಕೊಂದು ರೈಲು, ಜನ ಬೇಜಾರಾಗಿ ಬಿಟ್ಟಿದ್ರು, ಆಮೇಲೆ ರೈಲು ಸೇರಿಸ್ತಾ ಕಾಯೋದು ಕಮ್ಮಿ ಆಗಿದೆ.

ಆ ಕಡೆ ಮುಖ್ಯ ತೊಂದರೆ ನೀರು. 2024ರ ಬೇಸಿಗೆಲಿ ಟ್ಯಾಂಕರ್‌ಗೆ ಜನ ಪಟ್ಟ ಪಾಡು ನಾನು ಕಣ್ಣಾರೆ ನೋಡಿದೀನಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆ 5ನೇ ಹಂತ ಶುರುವಾಗಿದೆ, ಆದ್ರೆ ಪೈಪು ರಸ್ತೆಗೆ ಬಂದಿರೋದು ಬೇರೆ, ಆ ಓನರ್ ಕನೆಕ್ಷನ್ ತಗೊಂಡಿರೋದು ಬೇರೆ. ಓನರ್‌ನ ಕೇಳಿದ್ರೆ "ನೀರಿಗೇನೂ ತೊಂದ್ರೆ ಇಲ್ಲಮ್ಮ" ಅಂತಾನೇ ಹೇಳೋದು, ಕೆಳಗಿನ ಮನೆ ಅಕ್ಕನ್ನ ಕೇಳಿ, ವಾರಕ್ಕೆ ಎಷ್ಟು ಸಲ ಕಾವೇರಿ ಬರುತ್ತೆ, ಟ್ಯಾಂಕರ್ ದುಡ್ಡು ಯಾರು ಕೊಡ್ತಾರೆ ಅಂತ. ಬಾತ್‌ರೂಮಿಗೆ ಹೋಗಿ ನಲ್ಲಿ ಬಾಯಿ ಮುಟ್ಟಿ ನೋಡಿ, ಬಿಳಿ ಸುಣ್ಣದ ಥರ ಗಟ್ಟಿಯಾಗಿ ಕೂತಿದ್ರೆ ಅದು ಗಡಸು ಬೋರ್ ನೀರು, ಬಕೆಟ್ ತಳದಲ್ಲೂ ಅದೇ ಬಿಳಿ ಗೆರೆ ಇರುತ್ತೆ, ಕುಡಿಯೋಕೆ ಕ್ಯಾನ್ ನೀರಿನ ಖರ್ಚು ಬೇರೆ ಸೇರಿಸ್ಕೊಳ್ಳಿ.

ಕರೆಂಟ್ ಮೀಟರ್ ನಿಮ್ಮ ಮನೆಗೇ ಬೇರೆ ಇದೆಯಾ ಕೇಳಿ. ಬೇರೆ ಮೀಟರ್ ಇದ್ರೆ ಅದರ ಆರ್‌ಆರ್ ನಂಬರ್‌ಗೆ ನಿಮ್ಮ ಆಧಾರ್ ಸೇರಿಸಿ ಬಾಡಿಗೆದಾರರೂ ಗೃಹ ಜ್ಯೋತಿ (ಉಚಿತ ಕರೆಂಟ್ ಯೋಜನೆ) ತಗೋಬಹುದು. ನಾಲ್ಕು ಮನೆಗೆ ಒಂದೇ ಮೀಟರ್ ಇಟ್ಟು ಯೂನಿಟ್‌ಗೆ ಇಷ್ಟು ಅಂತ ಓನರ್ ವಸೂಲಿ ಮಾಡೋ ಮನೆ ಆದ್ರೆ ಆ ಲಾಭ ನಿಮಗೆ ಸಿಗಲ್ಲ. ಮೇಲಿನ ಶೀಟ್ ಮನೆ ಅಗ್ಗ ಅಂತ ಹೋಗ್ಬೇಡಿ, ಏಪ್ರಿಲಲ್ಲಿ ಒಳಗೆ ಕೂರೋಕಾಗಲ್ಲ.

ಅಡ್ವಾನ್ಸ್ 10 ತಿಂಗಳು ಅಂತ ಕೇಳ್ತಾರೆ, 5ಕ್ಕೆ ಚೌಕಾಸಿ ಮಾಡಿ, ಎಷ್ಟೋ ಓನರ್‌ಗಳು ಈಗ ಒಪ್ತಾರೆ. ಬ್ಯಾಂಕ್‌ನಿಂದಲೇ ಕಳಿಸಿ, ಕ್ಯಾಶ್ ಕೊಡ್ಬೇಡಿ. ಬಿಡೋವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳೋದು ಇಲ್ಲಿ ರೂಢಿ, ಅದಕ್ಕಿಂತ ಜಾಸ್ತಿ ಹಿಡಿಯಲ್ಲ ಅಂತ 11 ತಿಂಗಳ ಅಗ್ರಿಮೆಂಟಲ್ಲೇ ಬರೆಸ್ಕೊಳ್ಳಿ.

ಟೋಕನ್ ಕೊಡೋಕ್ ಮುಂಚೆ ಇನ್ನೊಂದು ಕೆಲಸ, ದಯವಿಟ್ಟು ಇದನ್ನ ಬಿಡ್ಬೇಡಿ. ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ ಆ ಮನೆ ಬಾಗಿಲಿಂದ ಹೊರಟು ನೀವು ಆಫೀಸ್‌ವರೆಗೆ ಹೋಗಿ, ತಮ್ಮ ಕಾಲೇಜ್‌ವರೆಗೆ ಹೋಗ್ಲಿ, ಇಬ್ರೂ ಟೈಮ್ ಬರ್ಕೊಳ್ಳಿ. ಅದೇ ದಿನ ರಾತ್ರಿ ಒಂಬತ್ತಕ್ಕೆ ಹೊಂಗಸಂದ್ರ ಸ್ಟೇಷನ್ ಇಳಿದು ಮನೆವರೆಗೆ ನಡೀರಿ, ದೀಪ ಇದೆಯಾ, ಅಂಗಡಿ ತೆಗೆದಿದೆಯಾ, ನಾಯಿ ಎಷ್ಟಿವೆ, ನಿಮಗೇ ಗೊತ್ತಾಗುತ್ತೆ. ನಡೆಯೋಕೆ ಮನಸ್ಸು ಅಳುಕಿದ್ರೆ ಆ ಮನೆ ಬಿಡಿ, ಅದೇ ರಸ್ತೆಯ ಇನ್ನೊಂದು ಕ್ರಾಸಲ್ಲಿ ಟು-ಲೆಟ್ ಬೋರ್ಡ್ ಹುಡುಕಿ, ಬ್ರೋಕರ್‌ಗೆ ಕೊಡೋ ಒಂದು ತಿಂಗಳ ಬಾಡಿಗೆನೂ ಉಳಿಯುತ್ತೆ.