ನಡಿಗೆ ಸಾಕೇ, ಓಡಲೇಬೇಕೇ?

ವಯಸ್ಸು ನಲವತ್ತು ದಾಟಿದೆ, ದಿನವಿಡೀ ಕುಳಿತೇ ಮಾಡುವ ಕೆಲಸ, ವ್ಯಾಯಾಮಕ್ಕೆಂದು ಸಿಗುವುದು ಅರ್ಧ ಗಂಟೆ ಮಾತ್ರ. ಅದನ್ನು ನಡಿಗೆಗೆ ಕೊಡಲೇ ಓಟಕ್ಕೆ ಕೊಡಲೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ನಿಮ್ಮಂಥದೇ ಸ್ಥಿತಿಯಲ್ಲಿದ್ದು ಅವಸರಪಟ್ಟು ಓಟವನ್ನೇ ಆರಿಸಿಕೊಂಡು ಪೆಟ್ಟು ತಿಂದವನು, ಈಗ ಏಳು ವರ್ಷಗಳಿಂದ ಎರಡನ್ನೂ ಮಾಡುತ್ತಿರುವವನು.

ಮೊದಲು ಸಮಯದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷಗಳ ತೀವ್ರ ಶ್ರಮ ಬೇಕು. ಬಿರುಸಿನ ನಡಿಗೆ ಮೊದಲನೆಯದಕ್ಕೆ, ಓಟ ಎರಡನೆಯದಕ್ಕೆ ಸೇರುತ್ತದೆ. ನಿಮ್ಮ ಅರ್ಧ ಗಂಟೆಯನ್ನು ವಾರದಲ್ಲಿ ಐದು ದಿನ ನಡಿಗೆಗೇ ಕೊಟ್ಟರೂ 150 ನಿಮಿಷ ತುಂಬುವುದರಿಂದ, ಓಡಲೇಬೇಕೆಂಬ ಕಟ್ಟುಪಾಡು ಇಲ್ಲ. ಆದರೆ ನಡಿಗೆ ಎಂದರೆ ಮೊಬೈಲ್ ನೋಡುತ್ತ ಅಡ್ಡಾಡುವುದಲ್ಲ. ನಿಮಿಷಕ್ಕೆ ಸುಮಾರು 100 ಹೆಜ್ಜೆಯಾದರೂ ಬೀಳಬೇಕು. ನಡೆಯುತ್ತಲೇ ಜೊತೆಯವರೊಡನೆ ಮಾತನಾಡಲು ಸಾಧ್ಯವಾಗಬೇಕು, ಹಾಡು ಹೇಳಲು ಹೊರಟರೆ ಉಸಿರು ಸಾಲಬಾರದು.

ಇವೆರಡರ ನಿಜವಾದ ವ್ಯತ್ಯಾಸ ವೇಗದಲ್ಲಿಲ್ಲ, ಕಾಲು ನೆಲಕ್ಕೆ ಊರುವ ಬಗೆಯಲ್ಲಿದೆ. ನಡೆಯುವಾಗ ಒಂದಲ್ಲ ಒಂದು ಪಾದ ಸದಾ ನೆಲದ ಮೇಲಿರುತ್ತದೆ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ಕ್ಷಣಕಾಲ ಎರಡೂ ಪಾದಗಳು ನೆಲ ಬಿಟ್ಟಿದ್ದು, ಮರುಕ್ಷಣ ಇಡೀ ದೇಹ ಒಂದೇ ಕಾಲಿನ ಮೇಲೆ ಇಳಿಯುವುದರಿಂದ, ಆ ಕಾಲು ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲವನ್ನು ತಡೆದುಕೊಳ್ಳಬೇಕಾಗುತ್ತದೆ. ನಡಿಗೆಯಲ್ಲಿ ಅದು ದೇಹದ ತೂಕಕ್ಕಿಂತ ಸ್ವಲ್ಪವೇ ಹೆಚ್ಚು. ಈ ಭಾರಕ್ಕೆ ಮೂಳೆಯೂ ಸ್ನಾಯುರಜ್ಜುಗಳೂ ಹೊಂದಿಕೊಳ್ಳಲು ತಿಂಗಳುಗಳೇ ಬೇಕು. ಹೃದಯ, ಶ್ವಾಸಕೋಶಗಳಿಗೆ ಕೆಲವು ವಾರ ಸಾಕು.

ನಾನು ಎಡವಿದ್ದು ಇಲ್ಲಿಯೇ. ನಲವತ್ತೆರಡನೆಯ ವಯಸ್ಸಿನಲ್ಲಿ ಓಡಲು ಆರಂಭಿಸಿದಾಗ ಮೊದಲೆರಡು ವಾರ ಏದುಸಿರು ಬಿಡುತ್ತಿದ್ದವನು, ಮೂರನೆಯ ವಾರ ಎಲ್ಲಿಯೂ ನಿಲ್ಲದೆ ಮೂರು ಕಿಲೋಮೀಟರ್ ಓಡಿಬಿಟ್ಟೆ. ಉಸಿರು ಹಿಡಿತಕ್ಕೆ ಬಂತೆಂಬ ಹುಮ್ಮಸ್ಸಿನಲ್ಲಿ ಒಂದು ದಿನವೂ ಬಿಡದೆ ಓಡಿದೆ. ನಾಲ್ಕನೆಯ ವಾರದ ಒಂದು ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಬಲಗಾಲು ಚುಳ್ಳೆಂದಿತು. ಕುಳಿತು, ಮೊಣಕಾಲಿನ ಕೆಳಗಿನ ಮೂಳೆಯ ಒಳಅಂಚಿನುದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತ ಬಂದರೆ, ಪಾದದ ಗಂಟಿನಿಂದ ನಾಲ್ಕು ಬೆರಳು ಮೇಲೆ ಆರಂಭವಾಗಿ ಅರ್ಧ ಗೇಣಿನಷ್ಟು ಜಾಗ ಮುಟ್ಟಿದರೆ ಸಾಕು ಎಂಬಷ್ಟು ನೋಯುತ್ತಿತ್ತು. ಆರು ವಾರ ಓಟವಿಲ್ಲ. ಆ ಆರು ವಾರಗಳನ್ನು ಮೊದಲೇ ನಡಿಗೆಗೆ ಕೊಟ್ಟಿದ್ದರೆ ಈ ಪಾಡು ಬರುತ್ತಿರಲಿಲ್ಲ.

ಆದ್ದರಿಂದ ನನ್ನ ಸಲಹೆ: ಮೊದಲ ಒಂದೂವರೆ ತಿಂಗಳು ಬಿರುಸಾಗಿ ನಡೆಯಿರಿ, ಅಷ್ಟೇ. ಅನಂತರವೂ ಓಡುವ ಆಸೆ ಉಳಿದಿದ್ದರೆ, ವಾರದಲ್ಲಿ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು, ಒಂದು ನಿಮಿಷ ಓಡಿ ಮೂರು ನಿಮಿಷ ನಡೆಯುವ ಕ್ರಮವನ್ನು ಅದೇ ಅರ್ಧ ಗಂಟೆಯೊಳಗೆ ಸೇರಿಸಿಕೊಳ್ಳಿ. ಓಟದ ಪಾಲನ್ನು ಹೆಚ್ಚಿಸುವಾಗ ಉಸಿರಿನ ಮಾತು ಕೇಳಬೇಡಿ, ಕಾಲಿನ ಮಾತು ಕೇಳಿ. ಎರಡೂ ಮೀನಖಂಡಗಳು ಸಮನಾಗಿ ಬಿಗಿದು ನೋಯುವುದು ಸಹಜ, ಒಂದೆರಡು ದಿನದಲ್ಲಿ ಹೋಗುತ್ತದೆ. ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ಮೂಳೆ ನೋಯುತ್ತಿದ್ದರೆ ಓಟ ನಿಲ್ಲಿಸಿ.

ತೂಕ ಇಳಿಸುವುದೇ ಗುರಿಯಾದರೆ ಓಟಕ್ಕೆ ಮೇಲುಗೈ ಇದೆ. 70 ಕಿಲೋ ತೂಗುವವರು 5 ಕಿಲೋಮೀಟರ್ ಓಡಿದರೆ ಸುಮಾರು 350 ಕ್ಯಾಲೊರಿ ಖರ್ಚಾಗುತ್ತದೆ, ಅದೇ ದೂರದ ನಡಿಗೆಗೆ ಇದಕ್ಕಿಂತ ಕಡಿಮೆ. ಆದರೆ ಗಾಯಗೊಂಡು ಮನೆಯಲ್ಲಿ ಕುಳಿತವರ ಖರ್ಚು ಎರಡಕ್ಕಿಂತಲೂ ಕಡಿಮೆ ಎಂಬುದನ್ನು ನಾನು ಅನುಭವದಿಂದ ಬಲ್ಲೆ. ಹೃದ್ರೋಗ, ಸಕ್ಕರೆ ಕಾಯಿಲೆ ಅಥವಾ ಹಳೆಯ ಮೊಣಕಾಲಿನ ತೊಂದರೆ ಇದ್ದರೆ ಓಟಕ್ಕಿಳಿಯುವ ಮುನ್ನ ವೈದ್ಯರನ್ನು ಕಾಣಿರಿ.

ಈಗಲೂ ಓಟದ ದಿನ ಶೂ ಹಾಕಿಕೊಳ್ಳುವ ಮೊದಲು ಬಲಗಾಲಿನ ಆ ಅರ್ಧ ಗೇಣನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ನೋವು ಕಂಡರೆ ಅಂದು ನಡಿಗೆ.