ಈಜು ಬಾರದ ನಮ್ಮಿಬ್ಬರ ಮೊದಲ ದ್ವೀಪ ಪ್ರವಾಸಕ್ಕೆ ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್, ಬಾಲಿ: ಇವುಗಳಲ್ಲಿ ಯಾವುದು ಸರಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಊರು ಬಾಗಲಕೋಟೆ, ಗಂಡ ಹೆಂಡತಿ ಇಬ್ಬರೂ ಶಾಲೆಯಲ್ಲಿ ಕಲಿಸುತ್ತೀರಿ, ಮದುವೆಯಾಗಿ ಎರಡು ವರ್ಷ. ಗೋಕರ್ಣದಲ್ಲಿ ಮೊಣಕಾಲುದ್ದ ನೀರಿಗೆ ಇಳಿದದ್ದು ಬಿಟ್ಟರೆ ಸಮುದ್ರದ ಪರಿಚಯವಿಲ್ಲ. ಸೂಟಿ ಸಿಗುವುದು ಏಪ್ರಿಲ್ ಎರಡನೇ ವಾರದ ನಂತರ, ಇಲ್ಲವೇ ದಸರೆಗೆ. ಎಂಟು ದಿನ, ಒಂದು ಲಕ್ಷದೊಳಗೆ ಆಗಬೇಕು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಏಪ್ರಿಲ್‌ನಲ್ಲಿ ಹೋಗುವುದಾದರೆ ಅಂಡಮಾನಿಗೆ ಹೋಗಿ. ದಸರೆಗೆ ಹೋಗುವುದಾದರೆ ಅಂಡಮಾನಿಗೆ ಹೋಗಬೇಡಿ. ದ್ವೀಪ ಅದೇ, ಜೆಟ್ಟಿ ಅದೇ, ಹೋಟೆಲು ಅದೇ ಇದ್ದರೂ ತಿಂಗಳು ಬದಲಾದರೆ ಸಮುದ್ರವೇ ಬೇರೆ. ನಾವಿಬ್ಬರು ಇದನ್ನು ದುಡ್ಡು ಕಳೆದುಕೊಂಡು ಕಲಿತೆವು, ನೀವು ಕಳೆದುಕೊಳ್ಳಬಾರದು ಎಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮದು ವಿಜಯಪುರ ಜಿಲ್ಲೆಯ ಟಿಕೋಟಾ ಕಡೆ, ದ್ರಾಕ್ಷಿ ತೋಟದ ಮನೆ. ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದು ಬಳ್ಳಿ ಚಿಗುರಿದ ಮೇಲೆ ಜೂನ್ ಹೊತ್ತಿಗೆ ಕೈ ತುಸು ಸಡಿಲಾಗುತ್ತದೆ. 2022ರಲ್ಲಿ ಆಗಲೇ ಹೋಗೋಣ ಎಂದುಕೊಂಡೆವು. ಪ್ರವಾಸದ ಏಜೆಂಟರೊಬ್ಬರು "ಆಫ್ ಸೀಸನ್ ಐತ್ರಿ, ಅರ್ಧ ರೇಟಿನ್ಯಾಗ ಮಾಡಿಕೊಡ್ತೀನಿ" ಎಂದರು. ಆಫ್ ಸೀಸನ್ ಅಂದರೆ ಅಲ್ಲಿ ಏನಾಗಿರುತ್ತದೆ ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಪೋರ್ಟ್ ಬ್ಲೇರ್ ಮುಟ್ಟಿದ ಮರುದಿನ ಬೆಳಿಗ್ಗೆ ಆರಕ್ಕೆ ಬ್ಯಾಗು ಹೊತ್ತು ಜೆಟ್ಟಿಗೆ ಹೋದರೆ ಹ್ಯಾವ್‌ಲಾಕ್‌ಗೆ ಹೋಗುವ ಹಡಗು ರದ್ದು. ಅದರ ಮರುದಿನವೂ ರದ್ದು. ತಗಡಿನ ಚಾವಣಿಯ ಕೆಳಗೆ ನಿಂತು ನೋಡಿದರೆ ಸಮುದ್ರ ಸುಣ್ಣ ಕದಡಿದ ನೀರಿನಂತೆ ಬೂದುಬಣ್ಣಕ್ಕೆ ತಿರುಗಿತ್ತು, ಗಾಳಿಗೆ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ನಮ್ಮ ಮನೆಯವರು ಬಹಳ ಹೊತ್ತು ಸುಮ್ಮನಿದ್ದು ಅಂದರು: "ಮಿರಗ (ಮೃಗಶಿರಾ ಮಳೆ) ಕೂಡಿ ನಾಕ ದಿನಾ ಆತು. ಈ ಮಳಿ ನಮ್ಮೂರಿಗೆ ಬರೂದಕಿಂತ ಮೊದಲ ಇಲ್ಲೇ ದಾಟಿ ಬರತೈತಿ. ಒಕ್ಕಲತನ ಮಾಡೂ ನಮಗ ಇದು ಹೊಳೀಬೇಕಿತ್ತು." ಆ ಪ್ರವಾಸದಲ್ಲಿ ನಾನು ಒಂದು ಮೀನನ್ನೂ ನೋಡಲಿಲ್ಲ.

ಅವರು ಹೇಳಿದ್ದು ನಿಜ. ಮುಂಗಾರು ಮೊದಲು ಕಾಲಿಡುವುದೇ ಅಂಡಮಾನಿನಲ್ಲಿ, ಮೇ ಮೂರನೇ ವಾರದ ಸುಮಾರಿಗೆ. ಕೇರಳಕ್ಕೆ ಜೂನ್ 1ರ ಹೊತ್ತಿಗೆ, ನಮ್ಮ ಕಡೆ ಮಿರಗದ ನಂತರ. ಸೆಪ್ಟೆಂಬರ್‌ವರೆಗೆ ಅದು ನಡೆದು, ನಾವು ಬಿಳಿಜೋಳ ಬಿತ್ತುವ ಹೊತ್ತಿಗೆ ಬಂಗಾಳಕೊಲ್ಲಿಯಲ್ಲಿ ಹಿಂಗಾರಿಯ ವಾಯುಭಾರ ಕುಸಿತ, ಚಂಡಮಾರುತಗಳು ಶುರುವಾಗುತ್ತವೆ. ಮುಂಗಾರಿ, ಹಿಂಗಾರಿ ಎರಡೂ ಆ ದ್ವೀಪಗಳ ಮೇಲೆ ಸುರಿಯುತ್ತವೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ವಿಜಯಪುರದ್ದು 600ರ ಆಸುಪಾಸು. ಹಾಗಾಗಿ ಅಲ್ಲಿ ನೀರು ತಿಳಿಯಾಗಿ, ಅಲೆ ಸಣ್ಣದಾಗಿ ಇರುವುದು ಜನವರಿಯಿಂದ ಏಪ್ರಿಲ್‌ವರೆಗೆ. ನಿಮ್ಮ ಏಪ್ರಿಲ್ ಸೂಟಿ ಆ ಅವಧಿಯ ಕೊನೆಗೆ ಸರಿಯಾಗಿ ಕೂಡುತ್ತದೆ. ಸೂಟಿ ಬಿದ್ದ ಕೂಡಲೇ ಹೊರಡಿ, ಮೇ ತಿಂಗಳಿಗೆ ತಳ್ಳಬೇಡಿ.

ಉಳಿದ ಮೂರರ ಬಗ್ಗೆ ಚುಟುಕಾಗಿ ಹೇಳುತ್ತೇನೆ.

ಈಜು ಬಾರದವರಿಗೆ ಎಲ್ಲಕ್ಕಿಂತ ಒಳ್ಳೆಯ ನೀರು ಲಕ್ಷದ್ವೀಪದ್ದು. ದ್ವೀಪದ ಸುತ್ತ ಹವಳದ ದಿಬ್ಬ ಗೋಡೆಯಂತೆ ನಿಂತು ದೊಡ್ಡ ಅಲೆಯನ್ನು ಹೊರಗೇ ತಡೆಯುತ್ತದೆ, ಒಳಗಿನ ನೀರು ನಮ್ಮೂರ ಕೆರೆಯಂತೆ ನಿಶ್ಚಲ. ಆದರೆ ನಾವು ಭಾರತೀಯರೇ ಆದರೂ ಅಲ್ಲಿಗೆ ಪರವಾನಗಿ ಬೇಕು, ತಂಗಲು ಕೋಣೆಗಳು ಕಡಿಮೆ. ಕೊಚ್ಚಿಯಿಂದ ಅಲ್ಲಿನ ಅಗತ್ತಿ ದ್ವೀಪಕ್ಕೆ ವಿಮಾನದಲ್ಲಿ ಒಂದೂವರೆ ತಾಸು, ಹಡಗಾದರೆ ದ್ವೀಪ ನೋಡಿಕೊಂಡು 14ರಿಂದ 20 ತಾಸು. ಪರವಾನಗಿ, ಕೋಣೆ, ಟಿಕೆಟು ಮೂರೂ ಒಂದೇ ವಾರಕ್ಕೆ ಕೂಡಿ ಬರಬೇಕಾದರೆ ತಿಂಗಳುಗಟ್ಟಲೆ ಮೊದಲೇ ಕೂರಬೇಕು. ಎರಡನೇ ಪ್ರವಾಸಕ್ಕೆ ಇಟ್ಟುಕೊಳ್ಳಿ.

ಮಾಲ್ಡೀವ್ಸ್‌ಗೆ ನನ್ನ ನಾದಿನಿ ಹೋಗಿ ಬಂದಳು. ಒಂದು ದ್ವೀಪದಲ್ಲಿ ಒಂದೇ ರೆಸಾರ್ಟ್, ನಾಲ್ಕು ದಿನ ಅಲ್ಲೇ ಇರುವುದು. ವೀಸಾ ಇಳಿದ ಮೇಲೆ ಪುಕ್ಕಟೆ ಸಿಗುತ್ತದೆ. ಖರ್ಚು ಏರುವುದು ರಾಜಧಾನಿ ಮಾಲೆಯಿಂದ ರೆಸಾರ್ಟ್ ಮುಟ್ಟುವ ಸ್ಪೀಡ್ ಬೋಟು ಅಥವಾ ಸಮುದ್ರ ವಿಮಾನದ ಬಾಡಿಗೆ, ಊಟ, ತೆರಿಗೆ ಇವುಗಳಿಂದ. ಸಮುದ್ರ ವಿಮಾನ ಹಗಲಲ್ಲಿ ಮಾತ್ರ ಹಾರುತ್ತದೆ, ರಾತ್ರಿ ಇಳಿದರೆ ಒಂದು ರಾತ್ರಿ ಮಾಲೆಯಲ್ಲೇ ಕಳೆಯಬೇಕು. ಮಾಫುಶಿಯಂಥ ಊರಿನ ದ್ವೀಪಗಳಲ್ಲಿ ಗೆಸ್ಟ್ ಹೌಸುಗಳು ಅಗ್ಗ. ಇಬ್ಬರೇ ಸುಮ್ಮನೆ ಒಂದು ಕಡೆ ಕೂತು ನೀರು ನೋಡಬೇಕು ಎನ್ನುವವರಿಗೆ ಅದು ನಿಜಕ್ಕೂ ಚೆಂದ. ಆದರೆ ಮೊದಲ ಸಲ ಹೊರಟವರಿಗೆ ಊರು, ಸಂತೆ, ಜನ, ಬೇರೆ ಬೇರೆ ದಂಡೆ ನೋಡುವ ಆಸೆ ಇರುತ್ತದೆ. ಅದು ಅಲ್ಲಿ ತೀರುವುದಿಲ್ಲ.

ನಿಮ್ಮ ದಸರಾ ಸೂಟಿಗೆ ಹೊಂದುವುದು ಬಾಲಿ, ಯಾಕೆಂದರೆ ಅಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣ ಕಾಲ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು. ಕೂಟಾ ಕಡೆಯ ಅಲೆ ಹಲಗೆಯ ಮೇಲೆ ಜಾರುವವರಿಗೆ ಸೇರಿದ್ದು, ಈಜು ಬಾರದವರು ಸಾನೂರ್ ದಂಡೆಯಲ್ಲಿ ಉಳಿಯಬೇಕು, ಅಲ್ಲಿ ಹವಳದ ದಿಬ್ಬ ಅಲೆ ತಡೆಯುತ್ತದೆ. ಗುಡಿಗಳು, ಮೆಟ್ಟಿಲು ಮೆಟ್ಟಿಲಾದ ಭತ್ತದ ಗದ್ದೆಗಳು ನೋಡುವಂಥವು. ಆದರೆ ಒಂದು ಲಕ್ಷದಲ್ಲಿ ಇಬ್ಬರು ಹೋಗಿ ಬರುವುದು ಕಷ್ಟ.

ಈಗ ಅಂಡಮಾನಿಗೆ ಬರೋಣ. ನಾವು ಎರಡನೇ ಸಲ ಹೋದದ್ದು 2024ರ ಜನವರಿಯಲ್ಲಿ. ಹಣ್ಣು ಇನ್ನೂ ಹುಳಿ ಇತ್ತು, ಕಟಾವಿಗೆ ತಿಂಗಳಿತ್ತು, ತೋಟವನ್ನು ಮೈದುನನ ಕೈಗೆ ಕೊಟ್ಟು ಎಂಟು ದಿನ ಬಿಡಿಸಿಕೊಂಡೆವು. ಅದೇ ಜೆಟ್ಟಿ. ನೀರು ಮಾತ್ರ ಹಸಿರು ಗಾಜಿನಂತಿತ್ತು, ಕೆಳಗಿನ ಕಂಬಗಳ ಬುಡ ಕಾಣುತ್ತಿತ್ತು.

ಹ್ಯಾವ್‌ಲಾಕ್‌ನಲ್ಲಿ, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ, ಎಲಿಫೆಂಟ್ ಬೀಚ್ ಎಂಬ ಜಾಗವಿದೆ. ದೋಣಿಯಲ್ಲಿ ಹೋಗಬಹುದು. ಅಲ್ಲಿ ಸ್ನಾರ್ಕ್‌ಲಿಂಗ್ ಮಾಡಿಸುತ್ತಾರೆ, ಈಜು ಬರಬೇಕೆಂದಿಲ್ಲ. ಲೈಫ್ ಜಾಕೆಟ್ ತೊಡಿಸಿ, ರಬ್ಬರ್ ಟ್ಯೂಬಿನೊಳಗೆ ಕೈ ಹಾಕಿಸಿ, ಹುಡುಗನೊಬ್ಬ ಹಗ್ಗ ಹಿಡಿದು ಎಳೆದುಕೊಂಡು ಹೋಗುತ್ತಾನೆ. ಮುಖಕ್ಕೆ ಗಾಜಿನ ಮುಖವಾಡ, ಬಾಯಲ್ಲಿ ಕೊಳವೆ. ಮೂಗಿನಿಂದ ಉಸಿರಾಡುವ ರೂಢಿ ಬಿಟ್ಟು ಬಾಯಿಂದ ಉಸಿರಾಡುವುದೇ ಕಷ್ಟ. ನನಗೆ ಮೊದಲ ಎರಡು ಸಲ ಎದೆ ಬಿಗಿದು ತಲೆ ಎತ್ತಿಬಿಟ್ಟೆ. "ದಂಡಿಗೇ ನಿಂತು, ಸೊಂಟದ ನೀರಾಗ ಐದ ನಿಮಿಷ ಉಸಿರಾಡಿ ರೂಢಿ ಮಾಡ್ಕೋ, ಆಮ್ಯಾಲ ಹೋಗೂಣು" ಎಂದು ಮನೆಯವರು ನನ್ನ ಕೈ ಹಿಡಿದು ನಿಂತರು. ಹಾಗೇ ಮಾಡಿದೆ. ನೀವೂ ಹಾಗೇ ಮಾಡಿ, ಅವಸರ ಮಾಡುವ ಹುಡುಗನಿಗೆ ಸಮಾಧಾನದಿಂದ "ತಡಿಯಪ್ಪ" ಎನ್ನಿ.

ಮೂರನೇ ಸಲ ಮುಖ ನೀರಿಗಿಟ್ಟಾಗ ಹೊರಗಿನ ಗದ್ದಲವೆಲ್ಲ ನಿಂತುಹೋಯಿತು. ನನ್ನ ಉಸಿರಿನ ಸಪ್ಪಳ ಒಂದೇ. ಅದರ ನಡುವೆ ಕಟುಂ ಕಟುಂ ಎಂದು ಇನ್ನೊಂದು ಸದ್ದು, ಯಾರೋ ಪಕ್ಕದಲ್ಲಿ ಪುಟಾಣಿ ಜಗಿಯುವ ಹಾಗೆ. ನೋಡಿದರೆ ಕೆಳಗೆ ಒಂದು ಹಸಿರು ನೀಲಿ ಮೀನು ಹವಳಕ್ಕೆ ಬಾಯಿ ಹಾಕಿ ಕೆರೆಯುತ್ತಿದೆ. ಗಿಳಿಯ ಕೊಕ್ಕಿನಂಥ ಬಾಯಿ, ಹೆಸರೂ ಪ್ಯಾರಟ್ ಫಿಶ್. ಅದು ಹವಳ ತುರಿದು ಪಾಚಿ ತಿನ್ನುತ್ತದೆ, ಜೊತೆಗೆ ಹೋದ ಸುಣ್ಣದ ಕಲ್ಲು ಹಿಂದಿನಿಂದ ಮರಳಾಗಿ ಬೀಳುತ್ತದೆ. ಅಲ್ಲಿನ ಬಿಳಿ ಮರಳಿನಲ್ಲಿ ಇಂಥ ಮೀನುಗಳ ಪಾಲೂ ಇದೆ ಎಂದು ಆ ಹುಡುಗ ಆಮೇಲೆ ಹೇಳಿದ. ಆ ಮರಳನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದೆ. ಅಂದ ಹಾಗೆ, ಹವಳದ ತುಂಡು ಊರಿಗೆ ತರುವಂತಿಲ್ಲ, ಅದು ಕಾನೂನಿನ ಪ್ರಕಾರ ಅಪರಾಧ. ಹವಳದ ಮೇಲೆ ಕಾಲನ್ನೂ ಇಡಬೇಡಿ, ಅದು ಜೀವ ಇರುವಂಥದ್ದು.

ಹೋಗುವ, ಬರುವ ರೈಲಿನ ರಾತ್ರಿಗಳನ್ನು ಬಿಟ್ಟು ಎಂಟು ದಿನಕ್ಕೆ ಎರಡೇ ದ್ವೀಪ ಸಾಕು. ನಿಮಗೆ ಗೋಳಗುಮ್ಮಟ ಎಕ್ಸ್‌ಪ್ರೆಸ್ ಬಾಗಲಕೋಟೆಯಲ್ಲೇ ಸಿಗುತ್ತದೆ. ಬೆಂಗಳೂರಿಗೆ ಹೋಗಿ ಒಂದು ರಾತ್ರಿ ಬಳಗದವರ ಮನೆಯಲ್ಲಿ ಇದ್ದು, ಮರುದಿನ ಮುಂಜಾನೆಯ ವಿಮಾನ ಹಿಡಿಯಿರಿ. ರೈಲು ಇಳಿದ ದಿನವೇ ವಿಮಾನ ಇಟ್ಟುಕೊಳ್ಳಬೇಡಿ, ರೈಲು ತಡವಾದರೆ ಎಲ್ಲ ಕೆಡುತ್ತದೆ. ಪೋರ್ಟ್ ಬ್ಲೇರ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯ ಪುರಂ ಎಂದು ಹೆಸರಿಟ್ಟಿದ್ದಾರೆ, ಟಿಕೆಟಿನಲ್ಲಿ ಎರಡರಲ್ಲಿ ಯಾವ ಹೆಸರಿದ್ದರೂ ಊರು ಒಂದೇ. ಅಲ್ಲಿ ಒಂದು ರಾತ್ರಿ, ಸ್ವರಾಜ್ ದ್ವೀಪದಲ್ಲಿ ಮೂರು ರಾತ್ರಿ, ಶಹೀದ್ ದ್ವೀಪದಲ್ಲಿ (ಹಳೆಯ ಹೆಸರು ನೀಲ್) ಒಂದು, ತಿರುಗಿ ಬರುವಾಗ ಮತ್ತೆ ಶ್ರೀ ವಿಜಯ ಪುರಂನಲ್ಲಿ ಒಂದು. ಆ ಕೊನೆಯ ರಾತ್ರಿ ಬಿಡಬೇಡಿ, ಹಡಗು ರದ್ದಾದರೆ ವಿಮಾನ ತಪ್ಪದಂತೆ ಕಾಯುವುದು ಅದೇ. ನಮ್ಮಿಬ್ಬರಿಗೆ ಊರಿಂದ ಊರಿಗೆ 84,000 ರೂಪಾಯಿ ಆಯಿತು, ಅದರಲ್ಲಿ ಅರ್ಧದ ಹತ್ತಿರ ವಿಮಾನದ್ದೇ.

ಅಲ್ಲಿ ಗಡಿಯಾರ ನಮ್ಮದೇ, ಸೂರ್ಯ ಬೇರೆ. ವಿಜಯಪುರಕ್ಕಿಂತ ಸುಮಾರು 17 ಡಿಗ್ರಿ ಪೂರ್ವಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಒಂದು ತಾಸಿಗೂ ಹೆಚ್ಚು ಮೊದಲೇ ಬೆಳಗಾಗುತ್ತದೆ, ಐದೂವರೆ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಸ್ವರಾಜ್ ದ್ವೀಪದ ರಾಧಾನಗರ ದಂಡೆಗೆ ಮೂರೂವರೆಗೇ ಹೋಗಿ ಕೂರಿ. ಊಟ ಮಾಡಿ ಮಲಗಿ ಎದ್ದು ಹೋದರೆ ಕತ್ತಲೆ.

ಬಿಸಿಲಿಗೆ ಅಂಜಬೇಡಿ, ಆದರೆ ಸೆಕೆಯನ್ನು ಹಗುರಾಗಿ ತಿಳಿಯಬೇಡಿ. ನಮ್ಮದು 40 ದಾಟುವ ಒಣ ಝಳ, ನೆರಳಿಗೆ ನಿಂತರೆ ಜೀವ ತಣ್ಣಗಾಗುತ್ತದೆ. ಅಲ್ಲಿ 32 ಇದ್ದರೂ ಕುದಿ, ನೆರಳಲ್ಲೂ ಬೆವರು ಆರುವುದಿಲ್ಲ. ತೆಳ್ಳನೆಯ ಹತ್ತಿ ಬಟ್ಟೆ, ನೀರಿಗಿಳಿಯಲು ತುಂಬುತೋಳಿನ ಅಂಗಿ ಒಯ್ಯಿರಿ. ಮುಖ ಕೆಳಗೆ ಹಾಕಿ ತೇಲುವಾಗ ಬೆನ್ನು ಸುಡುವುದು ಗೊತ್ತೇ ಆಗುವುದಿಲ್ಲ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಚಟ್ನಿಪುಡಿ) ಕಟ್ಟಿಕೊಳ್ಳಿ, ಹಡಗು ತಡವಾದ ದಿನ ಅದೇ ಆಸರೆ. ಹಿಂಡಿಯನ್ನು ದೊಡ್ಡ ಬ್ಯಾಗಿನಲ್ಲಿ ಹಾಕಿ ಕೌಂಟರಿಗೆ ಕೊಡಿ, ಖಾರದ ಪುಡಿಯನ್ನು ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ. ಹಡಗಿನಲ್ಲಿ ವಾಕರಿಕೆ ಬರುವವರು ನಡುಭಾಗದ ಸೀಟು ಕೇಳಿ, ಗುಳಿಗೆಯನ್ನು ನಿಮ್ಮ ಡಾಕ್ಟರಿಗೆ ಕೇಳಿಯೇ ತೊಗೊಳ್ಳಿ. ಸಣ್ಣ ದ್ವೀಪಗಳಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ನಗದು ಇರಲಿ. ಮೊಸಳೆಯ ಎಚ್ಚರಿಕೆ ಫಲಕ ಕಂಡಲ್ಲಿ ಮೊಣಕಾಲುದ್ದವೂ ಇಳಿಯಬೇಡಿ, ಆ ದ್ವೀಪಗಳಲ್ಲಿ ಉಪ್ಪುನೀರಿನ ಮೊಸಳೆಗಳು ಇವೆ.

ಸೆಲ್ಯುಲರ್ ಜೈಲಿಗೆ ಅರ್ಧ ದಿನ ಕೊಡಿ. 1906ರಲ್ಲಿ ಕಟ್ಟಿ ಮುಗಿಸಿದ ಏಳು ಸಾಲುಗಳಲ್ಲಿ ಈಗ ಮೂರು ಉಳಿದಿವೆ. ಅಲ್ಲಿ ಕೈದಿಗಳನ್ನು ಗಾಣಕ್ಕೆ ಹೂಡಿ ಎಣ್ಣೆ ತೆಗೆಸುತ್ತಿದ್ದರು. ಎತ್ತು ಕಟ್ಟುವ ಜಾಗದಲ್ಲಿ ಮನುಷ್ಯನ ಆಕೃತಿ ನೋಡಿ ನಮ್ಮ ಮನೆಯವರು ಹೊರಗೆ ಬಂದು ಬಹಳ ಹೊತ್ತು ಮಾತಾಡಲಿಲ್ಲ. ಬಾರಾಟಾಂಗ್ ಗುಹೆಗಳಿಗೆ ಹೋಗಿ ಎಂದು ಡ್ರೈವರುಗಳು ಒತ್ತಾಯ ಮಾಡುತ್ತಾರೆ. ದಾರಿ ಜಾರವಾ ಎಂಬ ಆದಿವಾಸಿ ಜನರ ಕಾಡಿನ ನಡುವೆ ಹೋಗುತ್ತದೆ, ಅವರ ಫೋಟೋ ತೆಗೆಯುವುದು ಅಪರಾಧ. ಅವರ ಮನೆಯಂಗಳದಲ್ಲಿ ಸಾಲುಗಟ್ಟಿ ಗಾಡಿ ಓಡಿಸುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ, ನಾವು ಹೋಗಲಿಲ್ಲ. ಆ ದಿನವನ್ನು ದಂಡೆಯಲ್ಲಿ ಸುಮ್ಮನೆ ಕಳೆದೆವು.

ಇನ್ನೊಂದು ಮಾತು. ಶಹೀದ್ ದ್ವೀಪದ ಲಕ್ಷ್ಮಣಪುರದಲ್ಲಿ ಕಲ್ಲಿನ ಕಮಾನು ಇದೆ. ಅಲ್ಲಿಗೆ ಇಳಿತದ ಹೊತ್ತಿಗೆ ಮಾತ್ರ ಹೋಗಲು ಸಾಧ್ಯ. ನೀರು ಹಿಂದೆ ಸರಿದಾಗ ಬಂಡೆಯ ಕುಳಿಗಳಲ್ಲಿ ಸಣ್ಣ ಮೀನು, ಏಡಿ, ಸಮುದ್ರ ಸೌತೆ ಎಂಬ ಜೀವಿ ಉಳಿದಿರುತ್ತವೆ, ಈಜು ಬಾರದವರು ಬಗ್ಗಿ ನೋಡಿದರೆ ಸಾಕು. ಅಮವಾಸ್ಯೆ, ಹುಣ್ಣಿಮೆಯ ಆಜುಬಾಜು ನೀರು ಹೆಚ್ಚು ದೂರ ಸರಿಯುತ್ತದೆ. ಹೋಟೆಲಿನವರನ್ನು ಅಂದಿನ ಇಳಿತದ ವೇಳೆ ಕೇಳಿ, ಕಾಲಿಗೆ ಗಟ್ಟಿ ರಬ್ಬರ್ ಚಪ್ಪಲಿ ಇರಲಿ, ಬಂಡೆ ಚೂಪು. ನಿಮ್ಮ ಟಿಕೆಟಿನ ದಿನಾಂಕ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ. ಪಂಚಾಂಗ ತೆಗೆದು ತಿಥಿ ನೋಡಿ, ಶಹೀದ್ ದ್ವೀಪವನ್ನು ಮೊದಲು ಇಟ್ಟುಕೊಳ್ಳಬೇಕೋ ಕೊನೆಗೋ ಎಂದು ಹೇಳುತ್ತೇನೆ.